ಚಂದ್ರಿಕೆ ಗೋಡೆ

ಗೋಡೆ ಕಟ್ಟುವುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಫೋನಿನಲ್ಲಿ ವಿಡಿಯೊ ನೋಡಿ ಕಲಿತೆ. ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವ ಒಂದು ಶೆಡ್ಡಿಗೆ ಆಗ ನಾನು ಕೆಲಸಕ್ಕೆ ಹೋಗುತ್ತಿದ್ದೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಉಳಿದ ಹುಡುಗಿಯರು ಸೀರಿಯಲ್ ನೋಡಿದರೆ, ನಾನು ಯಾವುದೋ ದೇಶದ ಗಡ್ಡದವನೊಬ್ಬ ತನ್ನ ಮನೆಯ ದೊಡ್ಡ ಕೋಣೆಗೆ ನಡುಗೋಡೆ ಹಾಕಿ ಎರಡು ಮಾಡುವುದನ್ನು ನೋಡುತ್ತಿದ್ದೆ. ಅವನ ಮಾತು ಒಂದಕ್ಷರ ತಿಳಿಯುತ್ತಿರಲಿಲ್ಲ. ಕೈ ಏನು ಮಾಡುತ್ತಿದೆ ಎಂಬುದಷ್ಟೇ ತಿಳಿಯುತ್ತಿತ್ತು, ಅದೇ ಸಾಕಾಗುತ್ತಿತ್ತು. ಮೊದಲು ನೆಟ್ಟಗೆ ನಿಲ್ಲಿಸುವ ಮರದ ನಿಲುವುಗಳು, ಆಮೇಲೆ ಮೇಲೊಂದು ಅಡ್ಡ, ಕೆಳಗೊಂದು ಅಡ್ಡ. ಈ ಕಡೆಗೊಂದು ಮೈ, ಆ ಕಡೆಗೊಂದು ಮೈ, ನಡುವೆ ಟೊಳ್ಳು. ಆ ಟೊಳ್ಳಿನಲ್ಲೇ ಸದ್ದು ಅಡಗಿಹೋಗುತ್ತದೆ ಎಂದು ಅವನು ಕಿವಿಗೆ ಕೈಯಿಟ್ಟು ತೋರಿಸುತ್ತಿದ್ದ. ಗೋಡೆ ಅಂದರೆ ಇಷ್ಟೇನಾ ಅನ್ನಿಸಿ ನನ್ನ ಕೈ ಸುಮ್ಮನೆ ಇರುತ್ತಿರಲಿಲ್ಲ.

ಅದುವರೆಗೆ ನಾನು ಮಾಡಿದ್ದ ಸಾಮಾನೆಂದರೆ ಒಂದು ಕೋಳಿಗೂಡು, ಮತ್ತೆ ಅಜ್ಜಿ ಕೂತ ದಿನವೇ ಕಾಲು ಮುರಿದುಕೊಂಡ ಒಂದು ಸ್ಟೂಲು. ಸ್ಟೂಲಿಗೆ ಆಮೇಲೆ ಬೇರೆ ಕಾಲು ಹಾಕಿದೆ. ಅಜ್ಜಿ ಮಾತ್ರ ಮತ್ತೆ ಅದರ ಹತ್ತಿರ ಸುಳಿಯಲಿಲ್ಲ.

ನಮ್ಮ ಮನೆ ಹೊಂಗನೂರಿನ ಬಸ್ಸು ಹೋಗುವ ದಾರಿಯಲ್ಲಿದೆ. ಹಳೇ ಹೆಂಚಿನ ಮನೆ. ರೇಷ್ಮೆ ಹುಳುವಿಗೆಂದೇ ಬೇರೆ ಮನೆ ಕಟ್ಟಿಸಿಕೊಂಡವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವು ಇನ್ನೂ ನಡುಮನೆಯಲ್ಲೇ ಸಾಕುತ್ತಿದ್ದೆವು. ಉದ್ದನೆಯ ಒಂದೇ ಕೋಣೆ. ಬಾಗಿಲ ಕಡೆಯ ಅರ್ಧದಲ್ಲಿ ನಾವು, ಹಿತ್ತಿಲ ಬಾಗಿಲಿರುವ ಒಳಗಿನ ಅರ್ಧದಲ್ಲಿ, ಒಂದರ ಮೇಲೊಂದು ಜೋಡಿಸಿದ ಬಿದಿರಿನ ತಟ್ಟೆಗಳಲ್ಲಿ ಹುಳು. ಹುಳು ದೊಡ್ಡವಾಗಿ ಕೊನೆಯ ವಾರದ ಸೊಪ್ಪು ತಿನ್ನುವಾಗ ಮನೆಯೊಳಗೆ ಮಳೆ ಹಿಡಿದಂತೆ ಸದ್ದಾಗುತ್ತದೆ. ಆ ಸದ್ದಿನಲ್ಲೇ ಹುಟ್ಟಿ ಬೆಳೆದವರಿಗೆ ಅದು ಸದ್ದೇ ಅಲ್ಲ.

ಎರಡೂ ಅರ್ಧಗಳ ನಡುವೆ ಮೇಲೊಂದು ತೊಲೆ. ತೊಲೆಗೆ ಒಂದು ಕಬ್ಬಿಣದ ಕೊಂಡಿ. ನನ್ನನ್ನೂ ಅಕ್ಕನನ್ನೂ ಅವ್ವ ತೂಗಿದ್ದು ಅದೇ ಕೊಂಡಿಗೆ ಜೋಲಿ ಕಟ್ಟಿ. ಅಕ್ಕನ ಮೊದಲ ಕೂಸಿಗೂ ಅವ್ವ ಅಲ್ಲೇ ಜೋಲಿ ಕಟ್ಟಿದ್ದಳು. ಹೆಸರಿಡುವ ಶಾಸ್ತ್ರ ಆಗದೆ ಕೂಸನ್ನು ಜೋಲಿಗೆ ಹಾಕುವಂತಿಲ್ಲ, ಆದರೆ ಅವ್ವನಿಗೆ ಅಷ್ಟು ತಾಳ್ಮೆಯಿರಲಿಲ್ಲ. ತನ್ನ ಮೆತ್ತನೆಯ ಹಳೇ ಸೀರೆಯನ್ನು ಮೊದಲೇ ಒಗೆದು, ಕೊಂಡಿಗೆ ಕಟ್ಟಿ, ಎಳೆದೆಳೆದು ನೋಡಿ, ಗಟ್ಟಿಯಾಗಿದೆ ಎಂದು ಹಾಗೇ ಬಿಟ್ಟಿದ್ದಳು. ಕೂಸು ಅದರಲ್ಲಿ ಮಲಗಲೇ ಇಲ್ಲ. ಒಂದು ಬೆಳಿಗ್ಗೆ ಹಾಲು ಕುಡಿಯಲಿಲ್ಲ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೋಗಿಬಿಟ್ಟಿತು. ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು. ಬಂದು ನೋಡಿದರೆ ಜೋಲಿ ಗಾಳಿಗೆ ಆಡುತ್ತಿತ್ತು. ಅದನ್ನು ಬಿಚ್ಚುವುದಕ್ಕೆ ಯಾರಿಗೂ ಕೈ ಬರಲಿಲ್ಲ, ಎಷ್ಟೋ ದಿನ ಹಾಗೇ ತೂಗಾಡಿತು. ಆಮೇಲೆ ಒಂದು ದಿನ ನೋಡಿದರೆ ಇರಲಿಲ್ಲ. ಯಾರು ಬಿಚ್ಚಿದರೋ ಇವತ್ತಿಗೂ ಗೊತ್ತಿಲ್ಲ. ಒಬ್ಬೊಬ್ಬರನ್ನೇ ಕೇಳಿದ್ದೇನೆ, ಎಲ್ಲರೂ ನಾನಲ್ಲ ಅನ್ನುತ್ತಾರೆ.

ಆ ಸಲದ ಹುಳುವೂ ಉಳಿಯಲಿಲ್ಲ. ಗೂಡು ಕಟ್ಟುವ ಹೊತ್ತಿಗೆ ಮೈ ಮೆತ್ತಗಾಗಿ, ಕರಗಿ, ಕಪ್ಪು ನೀರಾದವು. ಹುಳುವಿಗೆ ರೋಗ ಬರುವುದು ಹೊಸದೇನಲ್ಲ, ಆದರೆ ಅಜ್ಜಿ ಸೂತಕ ತಗುಲಿತು ಎಂದಳು. ಅಂದದ್ದು ಅಕ್ಕನ ಕಿವಿಗೂ ಬಿತ್ತು.

ಅದಾದ ಮೂರನೇ ವರ್ಷ ಅಕ್ಕ ಮತ್ತೆ ಬಸುರಾದಳು. ಗಂಡನ ಮನೆ ಸಾತನೂರಿನ ಹತ್ತಿರ. ಭಾವ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ. ಹೆರಿಗೆಗೆ ಎಲ್ಲಿರಬೇಕು ಎಂಬ ಮಾತು ಬಂದಾಗ, ಈ ಮನೆ ಬೇಡ ಎಂದು ಎಲ್ಲರೂ ಒಳಗೊಳಗೇ ಅಂದುಕೊಂಡಿದ್ದರು. ಅಕ್ಕನೇ ಹಟ ಹಿಡಿದು, ಹೋದ ಸಲ ಎಲ್ಲಿದ್ದೆನೋ ಅಲ್ಲಿಗೇ ಬರುತ್ತೇನೆ ಎಂದಳು. ಸಂತೋಷಕ್ಕೆ ಬರುತ್ತಿದ್ದಾಳೆ ಎಂದು ಯಾರಿಗೂ ಅನ್ನಿಸಲಿಲ್ಲ. ಏಳು ತಿಂಗಳು ತುಂಬಿದರೂ ಅವಳು ಹೊಟ್ಟೆಯ ಮೇಲೆ ಕೈಯಿಟ್ಟದ್ದನ್ನು ಯಾರೂ ನೋಡಿರಲಿಲ್ಲವಂತೆ. ಕೂಸಿನ ಬಟ್ಟೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳಂತೆ. ಭಾವ ಫೋನಿನಲ್ಲಿ ಅವ್ವನಿಗೆ ಹೇಳಿದ ಮಾತು ನನಗೂ ಕೇಳಿಸಿತು.

"ಅತ್ತೆ, ಅವ್ಳು ಬರೋ ಕೂಸ್ಗೆ ಕಾಯ್ತಿಲ್ಲ. ಹೋದ್ ಕೂಸ್ಗೇ ಕಾಯ್ತಾವ್ಳೆ."

ಮನೆಯಲ್ಲಿ ಆಗ ಹುಳು ಮೂರನೇ ಸಲ ಪೊರೆ ಬಿಟ್ಟಿದ್ದವು. ಅಜ್ಜಿಯ ಪ್ರಕಾರ ಹುಳುವಿಗೂ ಅಕ್ಕನಿಗೂ ನಡುವೆ ಒಂದು ಅಡ್ಡ ಬೇಕೇ ಬೇಕು, ಸೀರೆ ಕಟ್ಟಿದರೆ ಸಾಲದು. ಆಸ್ಪತ್ರೆಯಲ್ಲೂ ಹುಳುವಿಗೆ ರೋಗ ತಗುಲದಿರಲೆಂದು ಹಾಕುವ ಬ್ಲೀಚಿಂಗ್ ಪೌಡರಿನ ಘಾಟು ಬಸುರಿಗೆ ಆಗದು ಎಂದಿದ್ದರು. ಅಪ್ಪ ಇಟ್ಟಿಗೆಯ ಮಾತೆತ್ತಿದ. ಹುಳು ಮನೆಯೊಳಗಿರುವಾಗ ಸಿಮೆಂಟಿನ ಧೂಳು ಎಬ್ಬಿಸುವುದು ಹೇಗೆ ಎಂದು ಅವನೇ ಕೈಬಿಟ್ಟ. ಆಗ ನಾನು ಫೋನು ಹಿಡಿದುಕೊಂಡು ಎದ್ದೆ. ನಾನು ಕಟ್ಟುತ್ತೇನೆ, ಬೇಡವೆಂದಾಗ ಬಿಚ್ಚಿಬಿಡಬಹುದು, ಒಂದೇ ಒಂದು ಇಟ್ಟಿಗೆ ಬೇಡ ಎಂದೆ.

"ಇವ್ಳು ಮಾಡಿದ್ ಸ್ಟೂಲೇ ನನ್ ಸೊಂಟ ಮುರೀತು. ಇನ್ ಗೋಡೆ ಕಟ್ಟುದ್ರೆ ಯಾರ್ ತಲೆ ಮೇಲ್ ಬಿದ್ದದೋ," ಅಂದಳು ಅಜ್ಜಿ.

ಅಪ್ಪ ನಕ್ಕು, ಕಟ್ಟಲಿ ಬಿಡು ಎಂದ.

ನಿಲುವುಗಳಿಗೆ ನೀಲಗಿರಿ ಗಳ ಸಿಕ್ಕಿತು. ಭಾವ ತನ್ನ ಫ್ಯಾಕ್ಟರಿಗೆ ಮೆಶೀನು ಬರುವ ಪೆಟ್ಟಿಗೆಗಳ ಪ್ಲೈವುಡ್ ಹಲಗೆಗಳನ್ನು ಯಾರದೋ ಟೆಂಪೋದಲ್ಲಿ ಕಳಿಸಿದ. ಅವುಗಳ ಮೇಲೆ ಗಾಜಿನ ಲೋಟದ ಚಿತ್ರ, ಮೇಲ್ಮುಖದ ಎರಡೆರಡು ಬಾಣ. ಅವು ಅಕ್ಕನ ಕಡೆಯ ಮೈಗೆ. ಹುಳುವಿನ ಕಡೆಯ ಮೈಗೆ ಗೊಬ್ಬರದ ಚೀಲಗಳನ್ನು ಒಗೆದು, ಬಿಚ್ಚಿ, ಒಂದಕ್ಕೊಂದು ಹೊಲಿದೆ. ನಡುವಿನ ಟೊಳ್ಳಿಗೆ ಏನು ತುಂಬಬೇಕು ಎಂಬುದೇ ಉಳಿದದ್ದು. ಗಡ್ಡದವನು ಹಳದಿ ಬಣ್ಣದ ಹತ್ತಿಯಂಥದ್ದನ್ನು ತುಂಬುತ್ತಿದ್ದ. ಅದು ನಮ್ಮ ಕಡೆ ಎಲ್ಲಿ ಸಿಗಬೇಕು.

ಅಟ್ಟದ ಮೇಲೆ ಹಳೇ ಚಂದ್ರಿಕೆಗಳಿದ್ದವು. ಕಾಣದವರಿಗೆ ಹೇಳಬೇಕೆಂದರೆ, ಚಂದ್ರಿಕೆ ಅಂದರೆ ಆಳೆತ್ತರದ ಒಂದು ಬಿದಿರಿನ ಚಾಪೆ. ಅದರ ಮೇಲೆ ಬಿದಿರಿನದೇ ಪಟ್ಟಿಯನ್ನು ಸುತ್ತು ಸುತ್ತಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಹಣ್ಣಾದ ಹುಳುವನ್ನು ಅದರ ಮೇಲೆ ಬಿಟ್ಟರೆ ಆ ಸುತ್ತುಗಳ ನಡುವೆ ಕೂತು ಗೂಡು ಕಟ್ಟಿಕೊಳ್ಳುತ್ತದೆ. ಹರಿದ ಚಂದ್ರಿಕೆಯನ್ನು ನಮ್ಮಲ್ಲಿ ಯಾರೂ ಎಸೆಯುವುದಿಲ್ಲ. ಬೇಲಿಗೆ ಬರುತ್ತದೆ, ಬಚ್ಚಲಿಗೆ ಮರೆಯಾಗುತ್ತದೆ, ಮೆಣಸಿನಕಾಯಿ ಒಣಗಿಸುವುದಕ್ಕಾಗುತ್ತದೆ. ಅವನ್ನು ಸಾಲಾಗಿ ನಿಲ್ಲಿಸಿ ಎರಡೂ ಮೈಗಳ ನಡುವೆ ಸಿಕ್ಕಿಸಿದೆ. ಅಳತೆಗೆ ಮಾಡಿಸಿದ ಹಾಗೆ ಕೂತವು. ನನಗೆ ನನ್ನ ಮೇಲೇ ಎಂಥ ಮೆಚ್ಚುಗೆ ಬಂತೆಂದರೆ, ಅದರದ್ದೊಂದು ಫೋಟೊ ತೆಗೆದು ಗೊಂಬೆ ಶೆಡ್ಡಿನ ಹುಡುಗಿಯರಿಗೆಲ್ಲ ಕಳಿಸಿದೆ.

ಅಕ್ಕನ ಕಡೆ ಘಾಟು ಬಾರದಿರಲೆಂದು ಹಲಗೆಯ ಬುಡಕ್ಕೆ ಮಣ್ಣು ಮೆತ್ತಿದೆ. ಹುಳುವಿನ ಕಡೆ ನೆಲ ತೊಳೆದ ನೀರು ಚೀಲಕ್ಕೆ ತಾಕದಿರಲೆಂದು ಬುಡದಲ್ಲಿ ಒಂದು ಗೇಣು ಬಿಟ್ಟೆ.

ನಡುವಿನ ನಿಲುವೊಂದು ಮಾತ್ರ ಕೇಳಲಿಲ್ಲ. ತೊಲೆ ಹಳೆಯದು, ಕಲ್ಲಿನಂತೆ ಗಟ್ಟಿ. ಹೊಡೆದ ಮೊಳೆಯೆಲ್ಲ ಬಗ್ಗಿಹೋಯಿತು. ಕೊನೆಗೆ ತಂತಿ ತಂದು ಮೇಲಿನ ಅಡ್ಡಗಳವನ್ನು ಆ ಕೊಂಡಿಗೇ ಬಿಗಿದೆ. ಗೋಡೆ ಕದಲದಂತೆ ನಿಂತಿತು. ಅಷ್ಟರಲ್ಲಿ ಅವ್ವ ಟೀ ತಂದಳು. ಲೋಟ ಕೈಗೆ ಕೊಡದೆ ಮೇಲೆ ನೋಡುತ್ತಾ ನಿಂತಳು.

"ಅಲ್ಗೇ ಕಟ್ಬೇಕಿತ್ತಾ?"

"ಬ್ಯಾರೆ ಎಲ್ಗೂ ನಿಲ್ತಿಲ್ಲ ಕಣವ್ವ."

ಅವ್ವ ಲೋಟವನ್ನು ಕೆಳಗಿಟ್ಟು ಹೋದಳು. ಸಂಜೆ ಎಲ್ಲ ಮುಗಿಸಿ ದೂರ ನಿಂತು ನೋಡಿದಾಗ, ಒಂದು ಹಲಗೆ ತಲೆಕೆಳಗಾಗಿರುವುದು ಕಾಣಿಸಿತು. ಅದರ ಬಾಣಗಳು ಮಾತ್ರ ನೆಲ ತೋರಿಸುತ್ತಿದ್ದವು. ಮತ್ತೆ ಬಿಚ್ಚುವುದು ಬೇಡವೆಂದು ಬಿಟ್ಟೆ. ಅದು ಸರಿಯಾಗಿ ಕೊಂಡಿಯ ಕೆಳಗಿನ ಹಲಗೆಯೇ ಆಗಿತ್ತು.

ಅಕ್ಕ ಬಂದಳು. ಚೀಲ ಇಟ್ಟವಳೇ ಗೋಡೆಯ ಹತ್ತಿರ ಹೋಗಿ ಹಲಗೆಯ ಮೇಲೆ ಅಂಗೈಯಾಡಿಸಿದಳು. ನಾನು ಹೊಗಳಿಕೆಗೆ ಕಾದು ನಿಂತಿದ್ದೆ.

"ಹುಳಿನ್ ವಾಸ್ನೆ ನಂಗ್ ಬಡೀದೆ ಇರ್ಲಿ ಅಂತಲಾ, ಇಲ್ಲ ನನ್ ವಾಸ್ನೆ ಹುಳೀಗ್ ಬಡೀದೆ ಇರ್ಲಿ ಅಂತಲಾ?" ಎಂದು ಕೇಳಿದಳು.

ಎರಡಕ್ಕೂ ಎಂದೆ. ಅವಳು ಒಂದು ಥರ ನಕ್ಕಳು. ಅವ್ವ ಮಂಚವನ್ನು ಬಾಗಿಲ ಕಡೆ ಹಾಕಿದ್ದಳು. ಅಕ್ಕ ಅದನ್ನು ಗೋಡೆಯ ಪಕ್ಕಕ್ಕೆ ಎಳೆಸಿಕೊಂಡಳು. ಮಲಗಿದರೆ ಕಣ್ಣೆದುರಿಗೆ ಆ ತಲೆಕೆಳಗಾದ ಹಲಗೆ.

ಹುಳು ಹಣ್ಣಾದ ದಿನ ಮನೆಯಲ್ಲಿ ಉಸಿರಾಡಲೂ ಬಿಡುವಿರಲಿಲ್ಲ. ಹಣ್ಣಾಗುವುದೆಂದರೆ ತಿನ್ನುವುದನ್ನು ಬಿಟ್ಟು, ಮೈಯೆಲ್ಲ ಒಳಗಿನಿಂದ ಬೆಳಗಿದಂತಾಗಿ, ತಲೆಯೆತ್ತಿ ಎಲ್ಲಿ ಹತ್ತಲಿ ಎಂದು ಹುಡುಕಲು ಶುರುಮಾಡುವುದು. ಆಗ ಬೇಗ ಬೇಗ ಆರಿಸಿ ಚಂದ್ರಿಕೆಗೆ ಬಿಡಬೇಕು. ಮದುವೆಗೆ ಮುಂಚೆ ಈ ಕೆಲಸಕ್ಕೆ ಅಕ್ಕನ ಕೈಯೇ ಚುರುಕು. ಈ ಸಲ ಅವಳು ಒಳಗೆ ಬರುವ ಹಾಗಿಲ್ಲ. ಅವಳು ಆ ಕಡೆಯಿಂದಲೇ, ಕೆಳಗಿನ ತಟ್ಟೆ ನೋಡಿಕೊಳ್ಳಿ, ಕೆಳಗಿನವು ಮೊದಲು ಇಳಿದುಬಿಡುತ್ತವೆ ಎಂದು ಒಂದೆರಡು ಸಲ ಕೂಗಿದಳು. ನಾವು ಕೇಳಿಸಿಕೊಂಡೆವು, ಆದರೆ ಕೈ ಸಾಲಲಿಲ್ಲ. ಕೆಲವು ಹುಳು ತಟ್ಟೆಯಿಂದ ಜಾರಿ ನೆಲದ ಮೇಲೆ ಹೋದದ್ದನ್ನು ನಾನೇ ಕಂಡೆ. ಅಷ್ಟು ಹುಳುವಿನಲ್ಲಿ ಅವು ಯಾವ ಲೆಕ್ಕ ಅನ್ನಿಸಿತು.

ಗೂಡು ಬಿಡಿಸುವಾಗ ಅಜ್ಜಿ, ಈ ಸಲ ಒಸಿ ಕಮ್ಮಿ ಕಾಣ್ತವೆ ಎಂದಳು. ಅಪ್ಪ ಗೂಡಿನ ಚೀಲಗಳನ್ನು ರಾಮನಗರದ ಮಾರ್ಕೆಟ್ಟಿಗೆ ಹಾಕಿ ಬಂದ. ತಟ್ಟೆಗಳನ್ನು ತೊಳೆದು ಹೊರಗೆ ಹಾಕಿದೆವು. ಮುಂದಿನ ಬೆಳೆಯವರೆಗೆ ಆ ಅರ್ಧ ಖಾಲಿ. ಮನೆಯಲ್ಲಿ ಸದ್ದೇ ಇಲ್ಲ. ಮಳೆ ನಿಂತ ಮೇಲಿನ ಹಾಗೆ ಕಿವಿ ಒಂದು ಥರ ಗುಂಯ್ ಅನ್ನುತ್ತಿತ್ತು.

ಆ ಮೌನದಲ್ಲಿ ಗೋಡೆ ಸದ್ದು ಮಾಡಲು ಶುರುಮಾಡಿತು.

ಮೊದಲು ಕೇಳಿಸಿಕೊಂಡವಳು ಅಜ್ಜಿ, ಮಧ್ಯಾಹ್ನ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದಾಗ. ಇಲಿ ಅಂದುಕೊಂಡಳು. ನಾನು ಬೋನಿಟ್ಟೆ, ಏನೂ ಬೀಳಲಿಲ್ಲ. ಮಾರನೆಯ ದಿನ ಅವ್ವನಿಗೆ ಕೇಳಿಸಿತು. ಆಮೇಲೆ ನನಗೆ. ಇಲಿಯ ಸದ್ದಲ್ಲ ಅದು. ಇಲಿ ಓಡುತ್ತದೆ, ಕಡಿಯುತ್ತದೆ, ನಿಲ್ಲುತ್ತದೆ. ಇದು ಒಂದೇ ಕಡೆ. ಬಟ್ಟೆಯೊಳಗೆ ಸುತ್ತಿಟ್ಟ ಏನೋ ಒಂದು ಬಿಡಿಸಿಕೊಳ್ಳಲು ಒದೆಯುವ ಹಾಗೆ. ಜೋರಾಗಿ ಅಲ್ಲ. ಕಿವಿಗೊಡದಿದ್ದರೆ ಕೇಳುವುದಿಲ್ಲ, ಒಮ್ಮೆ ಕಿವಿಗೊಟ್ಟ ಮೇಲೆ ಬೇರೇನೂ ಕೇಳುವುದಿಲ್ಲ. ಬರುತ್ತಿದ್ದದ್ದು ಕೊಂಡಿಯ ಕೆಳಗಿನಿಂದ.

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಕ್ಕನಿಗೆ ಕೇಳದ ಹಾಗೆ ನನಗೆ ಹೇಳಿದಳು.

"ಜೋಲೀಲಿ ಕೂಸು ಕಾಲ್ ಆಡ್ಸ್ದಂಗೈತೆ."

ಅಜ್ಜಿ ಅದಕ್ಕಿಂತ ಮುಂದೆ ಹೋದಳು. ಹೆಸರಿಲ್ಲದೆ ಹೋದ ಕೂಸಿಗೆ ಕರೆಯುವವರಿಲ್ಲ, ಕರೆಯದೆ ಅದು ಎಲ್ಲಿಗೂ ಹೋಗುವುದಿಲ್ಲ, ಇದ್ದ ಜಾಗದಲ್ಲೇ ಇರುತ್ತದೆ. ಇಷ್ಟು ದಿನ ಹೇಗೋ ಓಡಾಡಿಕೊಂಡಿತ್ತು, ನೀನು ಅದರ ಮೇಲೇ ಗೋಡೆ ಮುಚ್ಚಿದೆ ಎಂದಳು. ನಗೋಣ ಅಂದುಕೊಂಡೆ. ಆಗಲಿಲ್ಲ. ನಾನೇ ಕಟ್ಟಿದ ಗೋಡೆ, ಅದರೊಳಗೆ ಏನಿದೆ ಎಂದು ನನ್ನಷ್ಟು ಗೊತ್ತಿರುವವರು ಯಾರೂ ಇರಲಿಲ್ಲ. ಹಳೇ ಬಿದಿರು, ಗಾಳಿ, ಅಷ್ಟೆ. ಅದಕ್ಕೇ ನನಗೆ ಎಲ್ಲರಿಗಿಂತ ಹೆಚ್ಚು ಹೆದರಿಕೆಯಾಯಿತು.

ಅಪ್ಪ ಚನ್ನಪಟ್ಟಣಕ್ಕೆ ಹೋಗಿ, ದರ್ಗಾದಲ್ಲಿ ಮಂತ್ರಿಸಿದ ಕಪ್ಪು ದಾರ ತಂದು ತೊಲೆಗೆ ಕಟ್ಟಿದ. ಅವ್ವ ಊಟ ಕಡಿಮೆ ಮಾಡಿದಳು. ಕೊನೆಗೆ ಭಾವನಿಗೆ ಫೋನು ಮಾಡಿ, ಬಂದು ಇವಳನ್ನು ಕರಕೊಂಡು ಹೋಗಪ್ಪ, ಹೆರಿಗೆ ಎಲ್ಲಾದರೂ ಆಗಲಿ, ಈ ಮನೆಯಲ್ಲಿ ಬೇಡ ಎಂದಳು. ಅವನು ಭಾನುವಾರ ಬರುತ್ತೇನೆ ಎಂದ.

ಇಷ್ಟೆಲ್ಲ ಆಗುವಾಗ ಅಕ್ಕ ಒಂದು ಮಾತೂ ಆಡಲಿಲ್ಲ. ಸದ್ದು ಶುರುವಾದ ಮೇಲೆ ಅವಳು ಮಂಚದಿಂದ ಇಳಿದು, ನೆಲದ ಮೇಲೆ ಕೂತು, ಆ ಹಲಗೆಗೆ ಬೆನ್ನು ಕೊಟ್ಟಿರುತ್ತಿದ್ದಳು. ಊಟವೂ ಅಲ್ಲೇ. ಒಂದು ಮಧ್ಯಾಹ್ನ ನಾನು ಹುಳುವಿನ ಕಡೆ ಕಸ ಗುಡಿಸುತ್ತಿದ್ದೆ. ಗೋಡೆಯ ಆ ಕಡೆಯಿಂದ ಅಕ್ಕನ ದನಿ ಕೇಳಿಸಿತು. ಯಾರೋ ಪಕ್ಕದಲ್ಲಿ ಕೂತಿರುವವರ ಹತ್ತಿರ ಮಾತಾಡುವ ಹಾಗೆ, ಅವಸರವಿಲ್ಲದೆ. ಬಿಸಿಲು ಜಾಸ್ತಿಯಾಗಿದೆ ಎಂದೋ, ಬಸ್ಸು ಹೋಯಿತು ಎಂದೋ, ಅಂಥ ಮಾತು. ಹೇಳಿ ನಿಲ್ಲಿಸುತ್ತಿದ್ದಳು. ಗೋಡೆ ಒದೆಯುತ್ತಿತ್ತು. ಮತ್ತೆ ಮಾತಾಡುತ್ತಿದ್ದಳು. ನಾನು ಪೊರಕೆ ಹಿಡಿದುಕೊಂಡು ನಿಂತಲ್ಲೇ ನಿಂತುಬಿಟ್ಟೆ.

ಭಾನುವಾರ ಬೆಳಿಗ್ಗೆ ಅವ್ವ ಅಕ್ಕನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ನಾನು ಧೈರ್ಯ ಮಾಡಿ ಹುಳುವಿನ ಕಡೆಗೆ ಹೋಗಿ, ನೆಲದ ಮೇಲೆ ಹೊಟ್ಟೆಯಡಿ ಮಲಗಿ, ಆ ಗೇಣು ಸಂದಿಗೆ ಫೋನಿನ ಬೆಳಕು ಹಿಡಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಚೀಲದ ಅಂಚಿನಿಂದ ಒಂದು ಬಿಳಿಯ ಜೀವ ನಡೆದುಕೊಂಡು ಬಂತು. ಹಿಟ್ಟು ಮೆತ್ತಿದಂಥ ಮೈ. ರೆಕ್ಕೆಯಿದೆ, ಹಾರುವುದಿಲ್ಲ. ನಡುಗುತ್ತಾ ನಡುಗುತ್ತಾ ಬಂದು ನನ್ನ ಬೆರಳಿಗೆ ಹತ್ತಿತು.

ರೇಷ್ಮೆ ಚಿಟ್ಟೆ.

ಒಂದು ಕ್ಷಣ ಅದೇನೆಂದೇ ಹೊಳೆಯಲಿಲ್ಲ. ನಂಬಿದರೆ ನಂಬಿ, ಹುಟ್ಟಿದಂದಿನಿಂದ ಹುಳು ಸಾಕುವ ಮನೆಯಲ್ಲಿದ್ದು ನಾನು ಚಿಟ್ಟೆಯನ್ನು ಕಣ್ಣಾರೆ ನೋಡಿರಲಿಲ್ಲ. ಅವ್ವನೂ ನೋಡಿರಲಾರಳು. ಗೂಡು ಕಟ್ಟಿ ಮುಗಿಸಿದರೆ ಸಾಕು, ನಾವು ಮಾರ್ಕೆಟ್ಟಿಗೆ ಹಾಕಿಬಿಡುತ್ತೇವೆ. ಅಲ್ಲಿಂದ ಅದು ನೂಲು ಬಿಚ್ಚುವವರ ಬಿಸಿನೀರಿಗೆ ಹೋಗುತ್ತದೆ. ಚಿಟ್ಟೆಯಾಗುವವರೆಗೆ ನಮ್ಮಲ್ಲಿ ಯಾರೂ ಬಿಡುವುದಿಲ್ಲ. ನೆಲಕ್ಕೆ ಜಾರಿದ ಆ ಹುಳುಗಳು ಹತ್ತಲು ಜಾಗ ಹುಡುಕಿಕೊಂಡು ಹೋಗಿವೆ. ಸಂದಿಯ ಒಳಗೆ ಸಾಲಾಗಿ ನಿಂತ ಚಂದ್ರಿಕೆಗಳು. ನಾನೇ ಒಳಗೆ ಮನೆ ಮಾಡಿ, ಬಾಗಿಲು ಬಿಟ್ಟು ಕರೆದ ಹಾಗಾಗಿತ್ತು.

ಎದ್ದು ಓಡಿದೆ. ಲೆಕ್ಕ ಬಿಡಿಸಿದವಳ ಖುಷಿ ನನಗೆ. ಅವ್ವನಿಗೂ ಹೇಳದೆ ನೇರ ಅಕ್ಕನ ಮುಂದೆ ಕೂತು ಅಂಗೈ ಬಿಚ್ಚಿದೆ.

"ನೋಡಕ್ಕ. ದೆವ್ವಾನೂ ಇಲ್ಲ, ಏನೂ ಇಲ್ಲ."

ಅಕ್ಕ ಅದನ್ನು ನೋಡಿದಳು. ಆಶ್ಚರ್ಯವೇನೂ ಪಡಲಿಲ್ಲ.

"ಗಂಡು," ಅಂದಳು. "ಹಿಂಗ್ ರೆಕ್ಕೆ ಬಡ್ಕತಾ ಇದ್ರೆ ಗಂಡು. ಹೆಣ್ಣಾದ್ರೆ ಕೂತಲ್ಲೇ ಕೂತಿರ್ತದೆ."

ಆಗ ನೆನಪಾಯಿತು. ಮದುವೆಗೆ ಮುಂಚೆ ಅಕ್ಕ ರೇಷ್ಮೆ ಮೊಟ್ಟೆ ಮಾಡಿಸುವ ಕಡೆ ಎರಡು ವರ್ಷ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಚಿಟ್ಟೆಯದೇ ಕೆಲಸ. ದಿನವಿಡೀ ಆ ಸದ್ದಿನ ನಡುವೆ ಕೂತವಳು.

"ನಿಂಗ್ ಗೊತ್ತಿತ್ತಾ?"

"ಮೊದ್ಲ್ ದಿನಾನೇ."

"ಮತ್ಯಾಕ್ ಯೇಳ್ಲಿಲ್ಲ? ಅವ್ವ ಊಟ ಬುಟ್ಟು ಕೂತೈತೆ."

"ಯೇಳಿದ್ರೆ ನೀನ್ ಗೋಡೆ ಬಿಚ್ತಿದ್ದೆ." ಅವಳು ಹಲಗೆಗೆ ತಲೆಯಾನಿಸಿದಳು. "ಚಿಟ್ಟೇನೇ ಇರ್ಲಿ ಕಣೆ. ಆ ಜಾಗ್ದಲ್ಲಿ ಒಂದ್ ಜೀವ ಮಿಸುಕಾಡ್ತಾ ಐತೆ. ನಂಗಷ್ಟು ಸಾಕಿತ್ತು."

ಚಿಟ್ಟೆ ಅವಳ ಸೀರೆಯ ನೆರಿಗೆಗೆ ಹತ್ತಿಕೊಂಡಿತ್ತು. ಅದಕ್ಕೆ ತಿನ್ನುವ ಬಾಯೇ ಇಲ್ಲ, ಇನ್ನೆರಡು ದಿನ ಇದ್ದರೆ ಹೆಚ್ಚು ಎಂದು ಅಕ್ಕ ಹೇಳಿದಳು. ಇವು ಹೋಗುವುದರೊಳಗೆ ಒಂದು ಕೆಲಸ ಆಗಬೇಕು ಎಂದಳು. ಆ ಕೂಸಿಗೆ ಹೆಸರಿಡಬೇಕು.

ಹೆಸರು ಅವಳ ಹತ್ತಿರ ಇತ್ತಂತೆ. ಮೂರು ವರ್ಷದಿಂದ ಇತ್ತಂತೆ, ಶಾಸ್ತ್ರದ ದಿನಕ್ಕೆಂದು ಭಾವನಿಗೂ ಹೇಳದೆ ಇಟ್ಟುಕೊಂಡದ್ದು. ನಮ್ಮಲ್ಲಿ ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳಬೇಕಾದವಳು ಸೋದರತ್ತೆ. ಅದನ್ನು ನೆನಪಿಸಿದೆ.

"ಗೋಡೆ ಕಟ್ಟಿದೋಳು ನೀನು. ನೀನೇ ಹೇಳು," ಅಂದಳು.

ನನ್ನ ಕಿವಿಯನ್ನು ಹತ್ತಿರ ಎಳೆದುಕೊಂಡು ಆ ಹೆಸರು ಹೇಳಿದಳು. ನಾನು ಮತ್ತೆ ಹುಳುವಿನ ಕಡೆಗೆ ಹೋಗಿ ನೆಲಕ್ಕೆ ಮಲಗಿ, ಸಂದಿಗೆ ಬಾಯಿಟ್ಟೆ. ಒಳಗಿನಿಂದ ಹಳೇ ಬಿದಿರಿನ ವಾಸನೆ, ಜೊತೆಗೆ ಇನ್ನೊಂದು ವಾಸನೆ, ಎಲ್ಲೋ ಮೂಗಿಗೆ ಗುರುತಿದ್ದದ್ದು. ಹಾಲು ಕುಡಿದ ಕೂಸಿನ ಕತ್ತಿನ ವಾಸನೆ ಎಂದು ಆಗ ಅನ್ನಿಸಿತು. ಇವತ್ತು ಯೋಚಿಸಿದರೆ ಹಾಗಿರಲಾರದು. ಹೆಸರು ಹೇಳಿದೆ. ರೆಕ್ಕೆಗಳ ಬಡಿತ ಹೆಚ್ಚಾಯಿತು. ಎರಡನೇ ಸಲ ಹೇಳಿದೆ, ಇನ್ನೂ ಹೆಚ್ಚಾಯಿತು, ಇಡೀ ಚಂದ್ರಿಕೆ ಅದುರಿದ ಹಾಗೆ. ಮೂರನೇ ಸಲ ಹೇಳಿದೆ. ಪೂರಾ ನಿಂತುಹೋಯಿತು.

ಉಸಿರಿನ ಗಾಳಿಗೆ ಹಾಗಾಗಿರಬಹುದು. ಹಾಗಿದ್ದರೆ ಮೊದಲ ಸಲವೇ ಯಾಕೆ ನಿಲ್ಲಲಿಲ್ಲ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆ ನಿಶ್ಶಬ್ದದಲ್ಲಿ ಗೋಡೆಯ ಆಚೆಯಿಂದ ಅಕ್ಕ ಅಳುವುದು ಕೇಳಿಸಿತು. ಕೂಸು ಹೋದಾಗಲೂ ಅವಳು ಅತ್ತದ್ದನ್ನು ನಾನು ಕೇಳಿರಲಿಲ್ಲ.

ಅವ್ವನಿಗೆ ಚಿಟ್ಟೆಯನ್ನು ತೋರಿಸಿದೆ. ಅವಳು ತುಂಬ ಹೊತ್ತು ನೋಡಿ, ಇರಬಹುದು ಎಂದಳು. ತೊಲೆಯ ಮೇಲಿನ ದಾರವನ್ನು ಮಾತ್ರ ಬಿಚ್ಚಲಿಲ್ಲ, ಚೀಲಕ್ಕೆ ಬಟ್ಟೆ ತುಂಬುವುದನ್ನೂ ನಿಲ್ಲಿಸಲಿಲ್ಲ. ಮಧ್ಯಾಹ್ನ ಭಾವ ಬಂದ. ನೀರು ಕುಡಿದು, ಹೊರಡೋಣವಾ ಎಂದು ಮೆಲ್ಲಗೆ ಕೇಳಿದ. ಅವ್ವ ಚೀಲವನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ಅಕ್ಕ ಗೋಡೆ ಹಿಡಿದು ಎದ್ದು ನಿಂತು, ಮೇಲೆ ನೋಡುತ್ತಾ ನನ್ನನ್ನು ಕರೆದಳು.

"ಆ ಕೊಂಡಿ ಇನ್ನೂ ಭಾರ ತಡೀತದಾ ನೋಡು. ಗೋಡೆ ಬ್ಯಾರೆ ನೇತಾಕಿದೀಯ ಅದ್ರಲ್ಲಿ."

ನಾನು ಕಾಲು ಹಾಕಿದ್ದ ಆ ಸ್ಟೂಲನ್ನು ತಂದು, ಹತ್ತಿ, ಎರಡೂ ಕೈಯಿಂದ ಕೊಂಡಿ ಹಿಡಿದು ಜೋತುಬಿದ್ದೆ. ತೊಲೆ ಜಗ್ಗಲಿಲ್ಲ. ಗೋಡೆ ಕಿರ್ ಎಂದಿತು. ಅದರೊಳಗೆ ಹಗುರವಾದದ್ದೇನೋ ಕಳಚಿ, ಬಿದಿರಿಗೆ ತಾಕುತ್ತಾ ತಾಕುತ್ತಾ ಬುಡದವರೆಗೂ ಇಳಿದುಹೋಯಿತು. ನಾವೆಲ್ಲ ಅದು ನೆಲ ಮುಟ್ಟುವವರೆಗೆ ಕೇಳಿಸಿಕೊಂಡೆವು.

"ತಡೀತದೆ ಕಣಕ್ಕ," ಎಂದೆ.

ಇಳಿದು ನೋಡಿದರೆ ಅಕ್ಕ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು. ಅವ್ವ ಚೀಲವನ್ನು ಮಂಚದ ಮೇಲಿಟ್ಟು, ಒಳಗೆ ಹೋಗಿ, ತನ್ನ ಹಳೇ ಸೀರೆಗಳ ಟ್ರಂಕು ತೆರೆದಳು. ಅದರ ತಳದಲ್ಲಿ, ಎಲ್ಲ ಸೀರೆಗಳ ಕೆಳಗೆ, ಆವತ್ತಿನ ಜೋಲಿಯ ಸೀರೆ ಮಡಿಸಿಟ್ಟಿತ್ತು. ನಾನಿಟ್ಟದ್ದಲ್ಲ ಎಂದು ಅವ್ವ ಆಣೆ ಮಾಡಿದಳು. ಅಕ್ಕ ಅದನ್ನು ಇಸಿದುಕೊಂಡು, ಒಗೆಯಬೇಕು ಎಂದಳು, ಅಷ್ಟೆ.

ಹುಟ್ಟಿದ್ದು ಹೆಣ್ಣು, ಚನ್ನಪಟ್ಟಣದ ಆಸ್ಪತ್ರೆಯಲ್ಲಿ. ಶಾಸ್ತ್ರದ ದಿನ ಭಾವನ ತಂಗಿ ಬಂದು ಅದರ ಕಿವಿಯಲ್ಲಿ ಹೆಸರು ಹೇಳಿದಳು. ಆ ಹೆಸರನ್ನು ಈಗ ಊರೆಲ್ಲ ಕೂಗುತ್ತದೆ. ಮೊದಲನೆಯ ಹೆಸರು ಗೊತ್ತಿರುವುದು ನಮ್ಮಿಬ್ಬರಿಗೆ ಮಾತ್ರ, ಇಲ್ಲಿಯೂ ಬರೆಯುವುದಿಲ್ಲ. ಗೋಡೆಯನ್ನು ಬಿಚ್ಚಲಾ ಎಂದು ಆಮೇಲೆ ಒಂದೆರಡು ಸಲ ಕೇಳಿದೆ. ನೋಡೋಣ ಎಂದರು. ಅದರ ಮೈ ತೆರೆದು ಒಳಗೆ ಎಷ್ಟು ಗೂಡುಗಳಿವೆ ಎಂದು ನಾನು ನೋಡಿಲ್ಲ.

ಬಾಣಂತನದಲ್ಲಿ ಕೂಸನ್ನು ತೂಗುತ್ತಿದ್ದವಳು ಅವ್ವ. ಜೋಲಿ ಗೋಡೆಗೆ ಒತ್ತಿಕೊಂಡೇ ಆಡುತ್ತಿತ್ತು, ಅದು ಆಡಿದಾಗಲೆಲ್ಲ ಒಳಗೆ ಒಣಗಿದ ಗೂಡುಗಳು ಮೆಲ್ಲಗೆ ಅಲ್ಲಾಡುತ್ತಿದ್ದವು. ಖಾಲಿ ಗೂಡುಗಳೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಕೂಸಿಗೆ ನಿದ್ದೆ ಬಂದ ಮೇಲೆ ಅವ್ವ ಒಂದು ಗಳಿಗೆ ಕೈ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಇನ್ನೂ ಸ್ವಲ್ಪ ಹೊತ್ತು ತೂಗುತ್ತಿದ್ದಳು.